ಕೊಲೆಗಾರ ಯಾರು ಅಂತ ಹೇಳ್ಬೇಡಿ ಬಾವ

ನಮ್ಮೂರ ಲೈಬ್ರರಿಯಿಂದ ಮೊನ್ನೆ ಒಂದು ಪತ್ತೇದಾರಿ ಕಾದಂಬರಿ ತಂದೆ. 14ನೇ ಪುಟದಲ್ಲಿ ಒಬ್ಬ ಅಡುಗೆಯವನು ಬರುತ್ತಾನೆ. ಕಾಫಿ ಲೋಟ ಮೇಜಿನ ಮೇಲಿಟ್ಟು ಹೋಗುತ್ತಾನೆ, ಅಷ್ಟೇ ಅವನ ಕೆಲಸ. ಅವನ ಹೆಸರಿನ ಕೆಳಗೆ ಯಾರೋ ಪುಣ್ಯಾತ್ಮ ನೀಲಿ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ 'ಇವನೇ' ಎಂದು ಬರೆದಿದ್ದ. ಮೈಯೆಲ್ಲ ಉರಿದುಹೋಯಿತು. ಆದರೂ ಓದುವ ಚಟ, ಬಿಡಲಾಗಲಿಲ್ಲ. ಉಳಿದ 180 ಪುಟ ಆ ಅಡುಗೆಯವನ ಮೇಲೆ ಕಣ್ಣಿಟ್ಟು ಕೂತೆ. ಆಸಾಮಿ ಮತ್ತೆ ಬರಲೇ ಇಲ್ಲ. ಕೊಂದದ್ದು ಬೇರೆಯವನು.

ಹೀಗೆ ಮೋಸ ಹೋದ ದಿನವೇ ಪೇಪರಿನಲ್ಲಿ ಆ ಸುದ್ದಿ. ನೀವೂ ಓದಿದ್ದೀರಿ. ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಟೀಚರ್. ಮತ್ತೆ. ಕಾಸರಗೋಡಿನವರಿಗೆ ಇದು ಸುದ್ದಿಯೇ ಅಲ್ಲ, ಧಾರಾವಾಹಿ. ಪಾತ್ರಧಾರಿಗಳು ಬದಲಾಗುತ್ತಾರೆ, ಶಾಲೆ ಬದಲಾಗುತ್ತದೆ, ಗೇಟಿನ ಮುಂದೆ ಕೂತ ತಾಯಂದಿರ ಫೋಟೋ ಮಾತ್ರ ಅದೇ.

ಪಕ್ಕದ ಮನೆಯ ಹುಡುಗ ಐದನೇ ಕ್ಲಾಸು. ಸಂಜೆ ನೋಟ್ ಬುಕ್ ಹಿಡಿದುಕೊಂಡು ಬಂದ. "ಮಾವ, ಇದೆಂತದು ಹೇಳಿ." ಕನ್ನಡ ಅಕ್ಷರದಲ್ಲಿ ಚಂದ ಮಾಡಿ ಬರೆದಿದ್ದಾನೆ: ಪ್ರಕಾಶಸಂಶ್ಲೇಷಣಂ. ಅದರ ಕೆಳಗೆ: ಹರಿತಕಂ. ಟೀಚರ್ ಮಲಯಾಳದಲ್ಲಿ ಹೇಳಿದ್ದು ಕಿವಿಗೆ ಹೇಗೆ ಬಿತ್ತೋ ಹಾಗೇ ಇಳಿಸಿದ್ದಾನೆ. ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಅಂತ ಇದೆ. ಹಾಗಾಗಿ ಗಿಡಗಳಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ ಎಂದು ಅವನ ಲೆಕ್ಕ, ಒಂದು ಕೇರಳದ್ದು, ಒಂದು ಕರ್ನಾಟಕದ್ದು. ಹರಿತಕಂ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ಕತ್ತಿಯ ಚಿತ್ರ, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಹರಿತ ಅಂದರೆ ಕತ್ತಿಯೇ ಇರಬೇಕಲ್ವಾ! ಎಲೆಯೊಳಗೆ ಕತ್ತಿ. ನಾನು ನಲವತ್ತು ವರ್ಷದಿಂದ ಕೊಲೆಯ ಕಾದಂಬರಿ ಓದುತ್ತಿದ್ದೇನೆ, ಇಷ್ಟು ಒಳ್ಳೆಯ ಸುಳಿವು ಯಾವ ಲೇಖಕನೂ ಕೊಟ್ಟಿರಲಿಲ್ಲ.

ಎಲ್ಲ ಶಬ್ದದ ಕೊನೆಗೂ ಒಂದು ಸೊನ್ನೆ ಬೀಳುತ್ತದೆ, ನೋಡಿದಿರಾ? ಮಂಜೇಶ್ವರ ಹೋಗಿ ಮಂಜೇಶ್ವರಂ ಆದ ಹಾಗೆ. ಉತ್ತರಪತ್ರಿಕೆಯ ಕೊನೆಗೆ ಬೀಳುವುದೂ ಅದೇ.

ನನಗೆ ವೈಜ್ಞಾನಿಕ ಕಾದಂಬರಿಗಳ ಹುಚ್ಚೂ ಇದೆ. ಟೆಡ್ ಚಿಯಾಂಗ್ ಎಂಬ ಅಮೆರಿಕದ ಲೇಖಕ 1998ರಲ್ಲಿ 'ಸ್ಟೋರಿ ಆಫ್ ಯುವರ್ ಲೈಫ್' ಎಂಬ ನೀಳ್ಗತೆ ಬರೆದ. 2016ರಲ್ಲಿ ಅದು 'ಅರೈವಲ್' ಎಂಬ ಸಿನಿಮಾ ಆಯಿತು. ಬೇರೆ ಗ್ರಹದಿಂದ ಏಳು ಕಾಲಿನ ಜೀವಿಗಳು ಬಂದಿವೆ. ಅವುಗಳ ಮಾತು ಯಾರಿಗೂ ತಿಳಿಯುವುದಿಲ್ಲ. ಆಗ ಅಮೆರಿಕದ ಮಿಲಿಟರಿಯವರು ಏನು ಮಾಡುತ್ತಾರೆ? ಹುಡುಕಿಕೊಂಡು ಹೋಗಿ ಒಬ್ಬ ಭಾಷಾ ಪಂಡಿತೆಯನ್ನು ಕರೆದುಕೊಂಡು ಬರುತ್ತಾರೆ. ಆಕೆ ಗಾಜಿನ ಮುಂದೆ ನಿಂತು ಆ ಜೀವಿಗಳ ಭಾಷೆ ಕಲಿಯುತ್ತಾಳೆ. ಏಳು ಕಾಲಿನವುಗಳಿಗೆ ಇಷ್ಟು ಮರ್ಯಾದೆ. ನಮ್ಮ ಮಕ್ಕಳಿಗೆ ಎರಡೇ ಕಾಲು.

ಸಿನಿಮಾ ಚೆನ್ನಾಗಿಯೇ ಇದೆ. ಆದರೂ ಒಂದು ತಕರಾರು. ಕಥೆಯಲ್ಲಿ ಬೆಳಕು ಯಾವ ದಾರಿ ಹಿಡಿಯುತ್ತದೆ ಎಂಬ ಭೌತಶಾಸ್ತ್ರದ ಚರ್ಚೆಯೇ ಜೀವಾಳ. ಸಿನಿಮಾದವರು ಅದನ್ನು ಹೆಚ್ಚುಕಮ್ಮಿ ಬಿಟ್ಟು, ಯುದ್ಧ ಆಗಿಯೇ ಬಿಡುತ್ತದೇನೋ ಎಂಬ ಗಾಬರಿ ತುರುಕಿದರು. ಕಥೆಯಲ್ಲಿ ಪಂಡಿತೆಯ ಮಗಳು ಬಂಡೆ ಹತ್ತುವಾಗ ಬಿದ್ದು ಸಾಯುತ್ತಾಳೆ, ಸಿನಿಮಾದಲ್ಲಿ ಕಾಯಿಲೆಯಿಂದ. ಇದು ಸಣ್ಣ ಬದಲಾವಣೆ ಅಲ್ಲ. ಆ ಜೀವಿಗಳ ಭಾಷೆ ಕಲಿತ ತಾಯಿಗೆ ಮುಂದೆ ಆಗುವುದೆಲ್ಲ ಮೊದಲೇ ಗೊತ್ತು. ಬೀಳುವುದನ್ನು ತಪ್ಪಿಸಬಹುದಿತ್ತಲ್ಲ ಎಂದು ಓದುಗನಿಗೆ ಅನ್ನಿಸಬೇಕು, ಕಥೆ ನಿಂತಿರುವುದೇ ಅಲ್ಲಿ. ಇರಲಿ, ಟೀಚರ್ ವಿಷಯ ಬಿಟ್ಟು ಎಲ್ಲಿಗೋ ಹೋದೆ.

ಹೋದದ್ದು ಹೇಗೂ ಹೋದೆ, ಇನ್ನೊಂದು ಹೇಳಿಬಿಡುತ್ತೇನೆ. ರಹಸ್ಯದ ಸಿನಿಮಾ ವಿಷಯದಲ್ಲಿ ಗಡಿನಾಡಿನವರಷ್ಟು ಕಷ್ಟಪಟ್ಟವರು ಬೇರೆ ಇಲ್ಲ. 'ಮಣಿಚಿತ್ರತಾಳ್' ನಾವು ಮಲಯಾಳದಲ್ಲಿ ನೋಡಿದ್ದು 1993ರಲ್ಲಿ. ಅದು 'ಆಪ್ತಮಿತ್ರ' ಆಗಿ ಕನ್ನಡಕ್ಕೆ ಬಂದದ್ದು 2004ರಲ್ಲಿ. 11 ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬದುಕಿದವರು ನಾವು. 'ದೃಶ್ಯಂ' 2013ರ ಡಿಸೆಂಬರಿನಲ್ಲಿ ನೋಡಿ ಪುತ್ತೂರಿನ ಬಾವನಿಗೆ ಫೋನ್ ಮಾಡಿದೆ. "ಕೊಲೆಗಾರ ಯಾರು ಅಂತ ಹೇಳ್ಬೇಡಿ ಬಾವ, ಕನ್ನಡದಲ್ಲಿ ಬರ್ತದಂತೆ" ಎಂದರು. "ಬಾವ, ಕೊಲೆ ಯಾರು ಮಾಡಿದ್ದು ಅಂತ ಅದರಲ್ಲಿ ಮೊದಲೇ ತೋರಿಸ್ತಾರೆ" ಎಂದೆ. ಆರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟರು. 2014ರ ಜೂನ್‌ನಲ್ಲಿ 'ದೃಶ್ಯ' ಬಂತು, ನೋಡಿದರು, ಆಮೇಲೆ ಅಡಿಕೆ ರೇಟು ಕೇಳುವ ನೆಪದಲ್ಲಿ ಫೋನ್ ಮಾಡಿದರು.

ರಿಮೇಕ್ ಎಂದು ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಜಾರ್ಜ್‌ಕುಟ್ಟಿ ಕನ್ನಡಕ್ಕೆ ಬರುವಾಗ ರಾಜೇಂದ್ರ ಪೊನ್ನಪ್ಪ ಆದ. ಯಾಕೆ? ಥಿಯೇಟರಿನಲ್ಲಿ ಕೂತಿರುವುದು ಯಾರು ಎಂದು ಸಿನಿಮಾದವರಿಗೆ ಗೊತ್ತಿತ್ತು. ದುಡ್ಡು ಹಾಕಿದವನಿಗೆ ಪ್ರೇಕ್ಷಕನ ಭಾಷೆ ಗೊತ್ತಿರಲೇಬೇಕು, ಇಲ್ಲದಿದ್ದರೆ ಶುಕ್ರವಾರ ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ. ಶಾಲೆಗೆ ಶುಕ್ರವಾರ ಎಂಬುದಿಲ್ಲ.

ಮತ್ತೆ ಟೀಚರ್ ವಿಷಯಕ್ಕೆ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿಕೊಟ್ಟಿದ್ದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಳ್ಳಬೇಕು. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಸುಳಿವನ್ನು ಓದುಗನಿಂದ ಮುಚ್ಚಿಡಬಾರದು. ಪತ್ತೇದಾರನೇ ಅಪರಾಧ ಮಾಡಿರಬಾರದು. ಈ ಪಾದ್ರಿ ನಮ್ಮ ಕಡೆ ಹುಟ್ಟಿದ್ದರೆ ಹತ್ತನ್ನೂ ಹರಿದು ಹಾಕುತ್ತಿದ್ದರು. ಇಲ್ಲಿ ನೇಮಕ ಮಾಡಿದವರೇ 'ಪರಿಶೀಲಿಸುತ್ತೇವೆ' ಎನ್ನುತ್ತಾರೆ. ಕನ್ನಡ ಗೊತ್ತು ಎಂಬ ಕಾಗದ ಯಾವ ಗುಪ್ತ ದಾರಿಯಲ್ಲಿ ಬಂತೋ ಯಾರೂ ಹೇಳುವುದಿಲ್ಲ. ಅಗಾಥಾ ಕ್ರಿಸ್ಟಿಯ ರೈಲಿನ ಕಾದಂಬರಿ ಒಂದಿದೆ, 1934ರದ್ದು. ಕೊಂದದ್ದು ಯಾರೆಂದು ಇಲ್ಲಿ ಬರೆದರೆ ಓದದವರು ಶಾಪ ಹಾಕುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಓದಿದವರಿಗೆ ಒಂದೇ ಮಾತು: ನಮ್ಮ ಫೈಲಿನ ಉತ್ತರವೂ ಅದೇ.

ಟೀಚರನ್ನು ಬೈಯಬೇಡಿ ಮತ್ತೆ. ಆಕೆಯೂ ಪಾಪ, ಎಲ್ಲಿಂದಲೋ ಬಂದು ಗೊತ್ತಿಲ್ಲದ ಭಾಷೆಯ ಮೂವತ್ತು ಮುಖ ನೋಡಿಕೊಂಡು ನಿಲ್ಲಬೇಕು. ಮಲಯಾಳದ ಮೇಲೂ ಸಿಟ್ಟಿಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಭಾಷೆ ಆಡುವ ಊರು ನಮ್ಮದು. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ. ಏಳು ಭಾಷೆ ಬರುವವರ ಊರಿಗೆ, ಬೇಕಾದ ಒಂದು ಭಾಷೆ ಬಾರದವರನ್ನೇ ಹುಡುಕಿ ಕಳಿಸಬೇಕಾದರೆ ಎಷ್ಟು ಪ್ರತಿಭೆ ಬೇಕು! ಚಪ್ಪಾಳೆ ಹೊಡೆಯಿರಿ.

ಇಲ್ಲ, ಹೊಡೆಯಬೇಡಿ. ನಗಾಡಿ ಸಾಕಾಗಿದೆ. ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಬೇಕು ಎಂದು ಸಂವಿಧಾನದಲ್ಲಿ 350ಎ ವಿಧಿ ಸೇರಿದ್ದೂ ಅದೇ 1956ರಲ್ಲಿ. ಪುಸ್ತಕ ಕನ್ನಡದ್ದು ಕೊಡುತ್ತಾರೆ. ಪಾಠ ಮಾಡಲು ಕನ್ನಡ ಬರುವ ಒಂದು ಜನ ಕೊಡಿ ಎನ್ನುವುದಕ್ಕೆ ಪ್ರತಿ ಸಲ ತಾಯಂದಿರು ಕೆಲಸ ಬಿಟ್ಟು ಗೇಟಿನಲ್ಲಿ ಕೂರಬೇಕು, ಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ ಜೂನ್ ಹೋಗಿ ಮಾರ್ಚ್ ಬಂದಿರುತ್ತದೆ. ಐದನೇ ಕ್ಲಾಸು ಮತ್ತೆ ಸಿಗುತ್ತದಾ?

ಬೆಂಗಳೂರಿಗೆ ನಮ್ಮ ನೆನಪು ನವೆಂಬರ್ 1ಕ್ಕೆ. ಕೆಂಪು ಹಳದಿ ಬಾವುಟ ಹಿಡಿದು, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂದಿದ್ದ 1967ರ ಮಹಾಜನ ವರದಿಯ ಧೂಳು ಕೊಡವಿ, ನವೆಂಬರ್ 2ಕ್ಕೆ ಮತ್ತೆ ಒಳಗಿಡುತ್ತಾರೆ. ಆ ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಎಂಬುದು ಅದನ್ನು ಹಿಡಿದವರಲ್ಲಿ ಎಷ್ಟು ಜನಕ್ಕೆ ಗೊತ್ತೋ. ಅವರ ಪತ್ತೇದಾರ ಯಾರನ್ನಾದರೂ ಈ ಕೇಸಿಗೆ ಕರೆಸಬಹುದಿತ್ತು.

ಹುಡುಗನಿಗೆ ಹರಿತಕಂ ಅಂದರೆ ಪತ್ರಹರಿತ್ತು ಎಂದು ಹೇಳಿಕೊಟ್ಟೆ. ಬರೆದುಕೊಂಡ. ಕತ್ತಿಯನ್ನು ಅಳಿಸಲಿಲ್ಲ. "ಇರಲಿ ಮಾವ, ಚಂದ ಬಂದಿದೆ" ಎಂದ.

ಅವನು ಹೋದ ಮೇಲೆ ನೀಲಿ ಪೆನ್ನು ಹಿಡಿದು ಆ ಸುದ್ದಿಯನ್ನು ಇನ್ನೊಮ್ಮೆ ಓದಿದೆ. 'ಇವನೇ' ಎಂದು ನಾನೂ ಒಂದು ಕಡೆ ಬರೆಯೋಣ ಎಂದು. ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆ. 'ಸಂಬಂಧಪಟ್ಟವರು' ಎಂದಿತ್ತು, 'ಮೇಲಧಿಕಾರಿಗಳು' ಎಂದಿತ್ತು. ಗೆರೆ ಎಳೆಯೋಣವೆಂದರೆ ಒಂದು ಹೆಸರಿಲ್ಲ. ಅಡುಗೆಯವನಿಗಾದರೂ ಹೆಸರಿತ್ತು.