ಸರ್ವಿಸ್ ಆಯಿತೇ?

ಮುಂಬೈಯ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ವಕೀಲನಾದವನು ನಾನು. ನ್ಯಾಯಾಧೀಶರು ‘ಸರ್ವಿಸ್ ಆಯಿತೇ?’ ಎಂದಾಗಲೆಲ್ಲ ನನ್ನ ಕೈ ಇಂದಿಗೂ ಹೆಗಲ ಮೇಲಿನ ಬಟ್ಟೆಯನ್ನು ತಡಕುತ್ತದೆ. ಅಲ್ಲಿ ಸರ್ವಿಸ್ ಎಂದರೆ ಆರನೇ ಟೇಬಲಿಗೆ ಎರಡು ಇಡ್ಲಿ. ಇಲ್ಲಿ ಸರ್ವಿಸ್ ಎಂದರೆ ಎದುರು ಪಕ್ಷದ ವಕೀಲರಿಗೆ ನಮ್ಮ ಅಫಿಡವಿಟ್ಟಿನ ಪ್ರತಿ ಮುಟ್ಟಿಸುವುದು. ಟೇಬಲು ತಪ್ಪಿದರೆ ಎರಡೂ ಕಡೆ ಬೈಗುಳ ಒಂದೇ.

ಮೊದಲು ಈ ಕೆಲಸ ನಮ್ಮ ಗುಮಾಸ್ತರದು. ಬಟ್ಟೆಯ ಚೀಲವನ್ನು ಕಂಕುಳಲ್ಲಿ ಇಟ್ಟು ಹುತಾತ್ಮ ಚೌಕದಿಂದ ಬೋರಾ ಬಜಾರಿನವರೆಗೆ ಮೆಟ್ಟಿಲು ಹತ್ತಿ ಇಳಿದು, ನಮ್ಮ ಪ್ರತಿಯ ಮೂಲೆಯಲ್ಲಿ ನೇರಳೆ ಮೊಹರು, ತಾರೀಕು, ಹೆಬ್ಬೆಟ್ಟಿಗಿಂತ ಒಂದು ದರ್ಜೆ ಮೇಲಿನ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಊರಿನ ಪತ್ರಗಳಲ್ಲಿ ‘ನಿಮ್ಮ ಕಾಗದ ಮುಟ್ಟಿತು’ ಎಂದು ಬರೆಯುತ್ತಿದ್ದೆವಲ್ಲ, ಆ ಮೊಹರಿನ ಅರ್ಥವೂ ಅಷ್ಟೇ. ಓದಿದರೋ ಇಲ್ಲವೋ, ದೇವರೇ ಬಲ್ಲ.

ಆಮೇಲೆ ಕಾಲ ಬದಲಾಯಿತು. 2018ರಲ್ಲಿ ನಮ್ಮ ಬಾಂಬೆ ಹೈಕೋರ್ಟೇ ಒಂದು ಪ್ರಕರಣದಲ್ಲಿ, ವಾಟ್ಸಾಪಿನಲ್ಲಿ ಹೋದ ನೋಟಿಸು ತಲುಪಿದ್ದಷ್ಟೇ ಅಲ್ಲ, ಅದನ್ನು ತೆರೆದು ನೋಡಿದ್ದೂ ಸಂದೇಶದ ಪಕ್ಕದ ಗೆರೆ ಗುರುತುಗಳಿಂದಲೇ ತಿಳಿಯುತ್ತದೆ ಎಂದು ಒಪ್ಪಿಕೊಂಡಿತು. 2020ರ ಜುಲೈ 10ರಂದು, ಕೊರೊನಾ ಕಾಲದಲ್ಲಿ, ಸುಪ್ರೀಂ ಕೋರ್ಟ್ ಕೂಡ ವಾಟ್ಸಾಪ್, ಟೆಲಿಗ್ರಾಂಗಳಿಗೆ ದಾರಿ ಬಿಟ್ಟಿತು. ಆದರೆ ಅದೇ ದಿನ ಇಮೇಲ್ ಕೂಡ ಕಳಿಸಬೇಕು ಎಂದಿತು. ಗುಮಾಸ್ತರ ಚೀಲ ಮೊಳೆ ಸೇರಿತು. ಕೆಲಸ ನನ್ನ ಹೆಬ್ಬೆರಳಿಗೆ ಬಂತು.

ಆ ಶುಕ್ರವಾರ ಕಳಿಸಬೇಕಾದದ್ದು ಬೊರಿವಲಿಯ ಸೋರುವ ಗೋಡೆಯೊಂದರ ಅಫಿಡವಿಟ್ಟು. ಅರುವತ್ತೆರಡು ಪುಟ, ಜೊತೆಗೆ ಪಾಚಿಗಟ್ಟಿದ ಗೋಡೆಯ ಹದಿನೆಂಟು ಬಣ್ಣದ ಫೋಟೋ. ಒಟ್ಟು 41 ಎಂಬಿ. ಜಿಮೇಲ್ 25 ಎಂಬಿಗಿಂತ ದಪ್ಪದ್ದನ್ನು ಹೊರುವುದಿಲ್ಲ. ಮನೆಗೆ ಹೋಗಿ ಎರಡು ತುಂಡು ಮಾಡಿ ಇಮೇಲ್ ಮಾಡೋಣ, ಸದ್ಯಕ್ಕೆ ವಾಟ್ಸಾಪಿನಲ್ಲಿ ಹೋಗಲಿ ಎಂದು ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತಿದೆ. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಮೊಬೈಲ್, ಬೆನ್ನಿಗೆ ಯಾರದೋ ಊಟದ ಡಬ್ಬಿ. ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬೇರೆ. ಅಡುಗೆಯ ಪಟ್ಟಿಯನ್ನೂ ಆಗಲೇ ಕಳಿಸಬೇಕಿತ್ತು.

ಮುಂಬೈಯ ತುಳು–ಕನ್ನಡಿಗನ ಮೊಬೈಲಿನಲ್ಲಿ ಎಷ್ಟು ಮಂದಿ ಶೆಟ್ಟರು ಇರುತ್ತಾರೆ ಎಂದು ಹೊರಗಿನವರಿಗೆ ಅಂದಾಜಿರಲಿಕ್ಕಿಲ್ಲ. ನನ್ನಲ್ಲಿ ಹದಿನಾಲ್ಕು. ಎದುರು ಪಕ್ಷದ ಹಿರಿಯ ವಕೀಲರು ಒಬ್ಬ ಶೆಟ್ಟರು. ಅಡುಗೆಯವರು ಇನ್ನೊಬ್ಬ ಶೆಟ್ಟರು.

ದಾದರ್ ದಾಟುವುದರೊಳಗೆ ಎರಡು ನೀಲಿ ಗೆರೆ, ಒಂದು ಕೈಮುಗಿದ ಚಿತ್ರ. ಎಷ್ಟು ವಿನಯದ ವಕೀಲರು ಎಂದುಕೊಂಡೆ! ಮನೆಗೆ ಹೋಗಿ ಉಂಡು ಮಲಗಿದೆ. ಇಮೇಲ್ ನೆನಪೂ ಆಗಲಿಲ್ಲ.

ಮರುದಿನ ಸರ್ವಿಸ್ ಆದ ಬಗ್ಗೆ ಪ್ರಮಾಣಪತ್ರ ಸಿದ್ಧಪಡಿಸಲು ಆ ಪರದೆಯ ಚಿತ್ರವನ್ನು ಮುದ್ರಿಸಿ ಗುಮಾಸ್ತರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಸಾಹೇಬ್, ಈ ವಕೀಲರು ತಮ್ಮ ಮುಖದ ಬದಲು ಜಿಲೇಬಿ ಹಾಕಿಕೊಂಡಿದ್ದಾರಲ್ಲ?”

ಎದೆ ಧಸಕ್ಕೆಂದಿತು. ನಿಜವಾದ ಶೆಟ್ಟರ ಚಾಟ್ ತೆರೆದೆ. ಅಲ್ಲಿ ನನ್ನದೇ ಸಂದೇಶ: ‘ಗೋಳಿಬಜೆ, ಪತ್ರೊಡೆ, ನೀರುದೋಸೆ, ಸಪಾದ ಭಕ್ಷ್ಯ. ನೂರೈವತ್ತು ಜನ. ಬೆಳಿಗ್ಗೆ ಎಂಟಕ್ಕೆ ತಪ್ಪದೆ ಬನ್ನಿ.’ ಅದರ ಕೆಳಗೆ ಅವರ ಉತ್ತರ: ‘ನನ್ನ ಕಕ್ಷಿದಾರರ ಎಲ್ಲ ಹಕ್ಕು ಮತ್ತು ವಾದಗಳಿಗೆ ಬಾಧಕವಿಲ್ಲದಂತೆ ಸ್ವೀಕರಿಸಲಾಗಿದೆ.’

ಮೊಳೆಯಿಂದ ಚೀಲ ಇಳಿಯಿತು. ಗುಮಾಸ್ತರು ಒಂದು ಮಾತೂ ಆಡದೆ ಹೋಗಿ, ಮುಕ್ಕಾಲು ಗಂಟೆಯಲ್ಲಿ ನೇರಳೆ ಮೊಹರಿನೊಂದಿಗೆ ಮರಳಿದರು. ಆ ಮೌನಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಎಂಟಕ್ಕೆ ಸರಿಯಾಗಿ ಶೆಟ್ಟಿ ವಕೀಲರು ಬಿಳಿ ಪಂಚೆಯಲ್ಲಿ ಬಾಗಿಲಲ್ಲಿ ನಿಂತಿದ್ದರು. “ಸರ್ವಿಸ್ ಕ್ರಮಬದ್ಧವಾಗಿ ಆಗಿದೆಯಲ್ಲ ಮಾರಾಯರೇ, ಹಾಜರಾಗದಿದ್ದರೆ ನೀವು ಏಕಪಕ್ಷೀಯವಾಗಿ ಪತ್ರೊಡೆ ಮುಗಿಸಿಬಿಡುತ್ತೀರಿ” ಎಂದರು. ನಮ್ಮ ಅಫಿಡವಿಟ್ಟು ಓದಿದಿರಾ ಎಂದೆ. “ಸೋಮವಾರ ನೋಡಿದರಾಯಿತು, ಮೊದಲು ಎಲೆ ಹಾಕಿಸಿ.”

ಎರಡನೇ ಸಲದ ಪತ್ರೊಡೆ ಅವರ ಎಲೆಗೆ ಬೀಳುತ್ತಿದ್ದಾಗ ಅಡುಗೆಯ ಶೆಟ್ಟರು ಸೌಟು ಹಿಡಿದುಕೊಂಡೇ ಪಂಕ್ತಿಯ ನಡುವೆ ಬಂದರು. ಗುಟ್ಟು ಹೇಳುವವರಂತೆ ನನ್ನತ್ತ ಬಾಗಿದರು. ದನಿ ಮಾತ್ರ ದೊಡ್ಡ ಅಡುಗೆಮನೆಗೆ ಒಗ್ಗಿದ್ದು.

“ವಕೀಲರೇ, ನೀವು ಕಳಿಸಿದ್ದನ್ನು ರಾತ್ರಿ ಕುಳಿತು ಪೂರ್ತಿ ಓದಿದೆ. ಅಡುಗೆಯ ಪಟ್ಟಿ ಯಾವ ಪುಟದಲ್ಲಿದೆ ಎಂದು ಹುಡುಕುತ್ತಿದ್ದೆ. ಹದಿನಾಲ್ಕನೇ ಪುಟದಲ್ಲಿ, ಜೂನ್ 31ರ ಮಳೆಗೆ ಗೋಡೆ ಸೋರಿತು ಎಂದಿದೆ. ಜೂನ್ ತಿಂಗಳಿಗೆ ಮೂವತ್ತೇ ದಿನವಲ್ಲವೇ?”

ಶೆಟ್ಟಿ ವಕೀಲರು ಅಗಿಯುವುದನ್ನು ನಿಲ್ಲಿಸಿದರು.