ಬಿಲ್ಲು, ಬಲ್ಬು, ಭಾವ

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಬಿಸಿಯಾಗುವ ಬಲ್ಬು ಕೊಡಿ ಎಂದು ಕೇಳಿ ನೋಡಿ. "ಇದು ಬಿಸೀನೇ ಆಗಲ್ಲ ಸಾರ್, ಒಂಬತ್ತೇ ವ್ಯಾಟು" ಎಂದು ಅಂಗಡಿಯವನು ಹೆಮ್ಮೆಯಿಂದ ಎಲ್‌ಇಡಿ ಚಾಚುತ್ತಾನೆ. ಬೆಳಕು ಬೇಡಪ್ಪ, ಶಾಖ ಬೇಕು ಎಂದರೆ "ಕೋಳಿಮರಿ ಸಾಕಿದೀರಾ?" ಎನ್ನುತ್ತಾನೆ. ಇಲ್ಲ, ಬಿಲ್ಲು ಬೇಯಿಸಬೇಕು ಎಂದು ಸತ್ಯ ಹೇಳಿದಿರೋ, ಇನ್ನು ಮುಂದೆ ನೀವು ಬಂದಾಗಲೆಲ್ಲ ಅಂಗಡಿ ಹುಡುಗರು ಒಳಗಿಂದ ಇಣುಕುತ್ತಾರೆ. ಕೋಳಿಮರಿ ಅಂದುಬಿಡುವುದೇ ಕ್ಷೇಮ.

ಬೇಯಿಸುವುದಂತೂ ನಿಜ. ಪದರ ಪದರ ಅಂಟಿಸಿ ಮಾಡುವ ರಿಕರ್ವ್ ಬಿಲ್ಲು, ಅಂದರೆ ತುದಿಗಳೆರಡೂ ಬಿಲ್ಲುಗಾರನಿಗೆ ಬೆನ್ನು ತಿರುಗಿಸಿದಂತೆ ಆಚೆಗೆ ಬಾಗಿರುವ ಬಿಲ್ಲು, ನಿಂತಿರುವುದೇ ಎಪಾಕ್ಸಿ ಅಂಟಿನ ಮೇಲೆ. ಅಂಟು ತಾನಾಗಿಯೇ ಒಣಗುತ್ತದೆ, ಸುಳ್ಳಲ್ಲ. ಆದರೆ ಶಾಖ ಕಾಣದ ಅಂಟು ಏಪ್ರಿಲ್ ಬಿಸಿಲಲ್ಲಿ, ಮುಚ್ಚಿದ ಕಾರಿನೊಳಗೆ ಮೆತ್ತಗಾಗಿ ಪದರಗಳನ್ನು ಜಾರಲು ಬಿಡುತ್ತದೆ. ಅದಕ್ಕೇ ಆರೂವರೆ ಅಡಿ ಉದ್ದದ ಪ್ಲೈವುಡ್ ಪೆಟ್ಟಿಗೆ, ಒಳಗೆಲ್ಲ ಅಲ್ಯೂಮಿನಿಯಂ ಫಾಯಿಲ್, 100 ವ್ಯಾಟಿನ ಹಳೇ ತಂತಿ ಬಲ್ಬು ನಾಲ್ಕು, ಒಂದು ಥರ್ಮೋಸ್ಟ್ಯಾಟ್. 65ರಿಂದ 70 ಡಿಗ್ರಿಯಲ್ಲಿ ನಾಲ್ಕೈದು ಗಂಟೆ. ಮಧ್ಯೆ ಕರೆಂಟು ಹೋದರೆ ಬಿಲ್ಲಿಗೇನೂ ಆಗದು, ಗಂಟೆಗಳನ್ನು ಮತ್ತೆ ಎಣಿಸಿದರಾಯಿತು. ಆರುವ ಮೊದಲೇ ಕ್ಲ್ಯಾಂಪ್ ಬಿಚ್ಚಬಾರದು, ಅಷ್ಟೇ. ಪೆಟ್ಟಿಗೆಯ ಉದ್ದ ಅಗಲ ನೋಡಿದ ಮನೆಯ ಹಿರಿಯರು ಮಾತ್ರ ಏನೂ ಕೇಳದೆ ದೇವರಮನೆ ಕಡೆ ನಡೆಯುತ್ತಾರೆ.

ಪದರಗಳ ಲೆಕ್ಕ ಸರಳ. ಬೆನ್ನಿಗೊಂದು, ಅಂದರೆ ಗುರಿಯ ಕಡೆಯ ಮುಖಕ್ಕೆ, ಹೊಟ್ಟೆಗೊಂದು, ಅಂದರೆ ಬಿಲ್ಲುಗಾರನ ಕಡೆಯ ಮುಖಕ್ಕೆ, 1 ಮಿ.ಮೀ. ದಪ್ಪದ ಫೈಬರ್‌ಗ್ಲಾಸ್ ಪಟ್ಟಿ. ಅದರ ಎಳೆಗಳೆಲ್ಲ ಉದ್ದಕ್ಕೇ ಓಡಿರಬೇಕು, ನೀರಿನ ಟ್ಯಾಂಕಿಗೆ ಹಚ್ಚುವ ಚಾಪೆಯಂಥದ್ದು ನಡೆಯದು. ನಡುವೆ ಬಿದಿರಿನ ತೆಳು ಹಲಗೆ ಎರಡು. ಹಿಡಿಯ ಬಳಿಯ ಬುಡದಿಂದ ತುದಿಗೆ ಹೋಗುತ್ತ ದಪ್ಪ ಅಡಿಗೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ಇಳಿಯಬೇಕು. 60 ಇಂಚಿನ ಬಿಲ್ಲಿಗೆ ಬುಡದಲ್ಲಿ ಎಲ್ಲ ಸೇರಿ 5 ಮಿ.ಮೀ. ಚಿಲ್ಲರೆ. ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ, ವರ್ನಿಯರೇ ಬೇಕು. ಬಿಲ್ಲಿನ ತೋಳಿನ, ಅಂದರೆ ಹಿಡಿಯ ಆಚೀಚೆ ಬಾಗುವ ಭಾಗದ, ಬಿಗಿ ದಪ್ಪದ ಘನಕ್ಕೆ ಏರುತ್ತದೆ. ದಪ್ಪ ಹತ್ತು ಶೇಕಡ ಹೆಚ್ಚಾದರೆ ಬಿಗಿ ಮೂವತ್ತಮೂರು ಶೇಕಡ ಹೆಚ್ಚು. ಎಳೆಯಲು 40 ಪೌಂಡು ಬಲ ಬೇಕಾಗುವ ಬಿಲ್ಲು ಮಾಡಲು ಹೊರಟವರಿಗೆ ಸೊಂಟ ಹಿಡಿಯುವಂಥ 53 ಪೌಂಡಿನದು ಸಿಗುವುದು ಹೀಗೆ.

ಅಂಟು ಹಚ್ಚುವ ಹೊತ್ತೇ ಹೊತ್ತು. ಮರದ ಮುಖವನ್ನು 60 ನಂಬರಿನ ಉಪ್ಪುಕಾಗದದಲ್ಲಿ ಒರಟು ಮಾಡಿ, ಅಸಿಟೋನಿನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸಬಾರದು. ಹಿಡಿಗೆ ಬೀಟೆಯಂಥ ಎಣ್ಣೆಮರ ಹಾಕಿದ್ದರೆ ಅಂಟಿಸುವ ಮುನ್ನ ಇನ್ನೊಮ್ಮೆ ಒರೆಸಬೇಕು. ಬಿಲ್ಲಿಗೆ ಆಕಾರ ಕೊಡುವ ಅಚ್ಚಿಗೆ ಪ್ಯಾಕಿಂಗ್ ಟೇಪು ಸುತ್ತಿರಬೇಕು. ಮರೆತರೆ ಬಿಲ್ಲೂ ಅಚ್ಚೂ ಜನ್ಮಜನ್ಮಾಂತರದ ಜೋಡಿ. ಡಬ್ಬಿಯ ಮೇಲೆ ಒಂದೂವರೆ ಗಂಟೆ ಸಮಯವಿದೆ ಎಂದು ಬರೆದಿರುತ್ತದೆ. ಆ ಮಾತು 25 ಡಿಗ್ರಿಗೆ. ತಗಡಿನ ಶೆಡ್ಡಿನಲ್ಲಿ 35 ಇದ್ದರೆ ಅದರ ಅರ್ಧ. ಕಪ್ಪಿನಲ್ಲಿ ಗುಪ್ಪೆಯಾಗಿ ಬಿಟ್ಟರೆ ಅಂಟು ತನ್ನ ಶಾಖಕ್ಕೆ ತಾನೇ ಕುದ್ದು ಇನ್ನೂ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಅಗಲ ತಟ್ಟೆಗೆ ಸುರಿಯುವುದು ಜಾಣತನ. ಹಸಿ ಎಪಾಕ್ಸಿಯ ಮೇಲೆ ಪದರಗಳು ಒಂದರ ಮೇಲೊಂದು ಜಾರಾಟ ಶುರು ಮಾಡುತ್ತವೆ. ನಟ್ಟನಡುವೆ ಸಣ್ಣ ತೂತು ಕೊರೆದು ಹಲ್ಲುಕಡ್ಡಿ ಚುಚ್ಚಿದರೆ ಉದ್ದಕ್ಕೆ ಜಾರುವುದು ನಿಲ್ಲುತ್ತದೆ. ಅಕ್ಕಪಕ್ಕ ಹಿಡಿಯಲು ಎರಡು ಕೈ ಸಾಲದು. ಸರಿಯಾಗಿ ಆಗಲೇ ಗ್ಯಾಸ್ ಸಿಲಿಂಡರಿನವನು ಒಟಿಪಿ ಕೇಳಿ ಫೋನ್ ಮಾಡುತ್ತಾನೆ.

ಆಗಲೇ ಗೇಟಿನ ಹತ್ತಿರ ಒಬ್ಬರು ನಿಂತು "ಇನ್ನೂ ಸ್ವಲ್ಪ ಬಿಗಿ ಮಾಡಿ ಸಾರ್" ಎನ್ನುತ್ತಾರೆ. ಬಾಗಿಲು ಕಿಟಕಿಯ ಬಿಳಿ ಅಂಟಿಗೆ ಆ ಮಾತು ಸರಿ. ಎಪಾಕ್ಸಿಯನ್ನು ಹಾಗೆ ಹಿಂಡಿದರೆ ಅಂಟೆಲ್ಲ ಹೊರಗೆ ಸೋರಿ ಒಳಗೆ ಒಣ ಮರ ಉಳಿಯುತ್ತದೆ. ಹಿತವಾದ, ಎಲ್ಲ ಕಡೆ ಸಮನಾದ ಒತ್ತಡ ಸಾಕು. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದೆಳೆದು ಸುತ್ತಿದರೆ ಇಂಚಿಂಚಿಗೂ ಅದು ಸಿಗುತ್ತದೆ.

ಮಾರನೆಯ ದಿನ ಗ್ರೈಂಡರ್ ಹಿಡಿದು ಅಂಚು ತೆಗೆಯುವಾಗ ಮೂಗಿಗೆ ಮಾಸ್ಕ್, ತೋಳಿಗೆ ಪೂರ್ತಿ ಅಂಗಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದೂ ನೋಡಿಕೊಳ್ಳಿ. ಪಕ್ಕದ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಗಾಜಿನ ಪುಡಿ ಕೂತರೆ ಅದರ ತುರಿಕೆ ಸುಲಭಕ್ಕೆ ಹೋಗುವಂಥದ್ದಲ್ಲ, ಅವರ ಸಿಟ್ಟೂ. ತೋಳು ತಿರುಚಿಕೊಂಡಿದ್ದರೆ ಗಟ್ಟಿ ಇರುವ ಬದಿಯ ಅಂಚನ್ನು ಉಜ್ಜಬೇಕು, ಸೋತ ಬದಿಯನ್ನಲ್ಲ. 56 ಇಂಚಿನ ಡೆಕ್ರಾನ್ ದಾರದ ಹೆದೆ ಏರಿಸಿ, ಸೂಟ್‌ಕೇಸ್ ತೂಗುವ ತಕ್ಕಡಿ ಸಿಕ್ಕಿಸಿ, 28 ಇಂಚಿಗೆ ಎಳೆದಾಗ 18 ಕೆ.ಜಿ. ತೋರಿಸಿದರೆ ಅದೇ 40 ಪೌಂಡು. ಬಿಲ್ಲು ಆಯಿತು.

ಆಗ ಭಾವ ಬರುತ್ತಾರೆ.

ಭಾವ ಎಂದರೆ ಅಕ್ಕನ ಗಂಡನೇ ಆಗಬೇಕೆಂದಿಲ್ಲ. ಮೇಲಿನ ಮನೆಯ ರಿಟೈರ್ಡ್ ಯಜಮಾನರಿರಬಹುದು, ಅಳಿಯನ ಗೆಳೆಯನಿರಬಹುದು. ಅದೊಂದು ಹುದ್ದೆ, ಖಾಲಿ ಬಿದ್ದದ್ದನ್ನು ಕಂಡವರಿಲ್ಲ. ಕಾಫಿ ಲೋಟ ಕೆಳಗಿಟ್ಟು, ಗೋಡೆಯ ಬಿಲ್ಲನ್ನು ಕೇಳದೆಯೇ ಇಳಿಸಿಕೊಳ್ಳುತ್ತಾರೆ. ಮೊದಲು ತಲೆಕೆಳಗಾಗಿ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚಿ ಸೀಲಿಂಗ್ ಫ್ಯಾನಿಗೆ ಗುರಿ ಇಡುತ್ತಾರೆ. "ಎಷ್ಟು ದೂರ ಹೋಗತ್ತೆ?" ಉತ್ತರಕ್ಕೆ ಕಾಯುವುದಿಲ್ಲ. "ಆನ್‌ಲೈನಲ್ಲಿ ಇದಕ್ಕಿಂತ ಕಮ್ಮಿಗೆ ಸಿಗತ್ತಲ್ವಾ?" ಅದಕ್ಕೂ ಕಾಯುವುದಿಲ್ಲ. "ಬೇಡ ಭಾವ, ಬಾಣ ಇಲ್ಲದೆ..." ಎಂದು ನೀವು ಅಡುಗೆಮನೆ ಬಾಗಿಲಿಂದ ಓಡಿ ಬರುವಷ್ಟರಲ್ಲಿ ಎದೆಗೆ ಎಳೆದು ಬಿಟ್ಟಾಯಿತು. ಠಣ್! ಫ್ರಿಜ್ಜಿನ ಮೇಲಿನ ಗೊಂಬೆ ನಡುಗುತ್ತದೆ. ಭಾವ ಮೆಚ್ಚಿ ತಲೆಯಾಡಿಸುತ್ತಾರೆ: "ಸೌಂಡ್ ಚೆನ್ನಾಗಿದೆ." ಮತ್ತೆ ಎಳೆಯುತ್ತಾರೆ.

ತಪ್ಪು ಅವರದಲ್ಲ, ಟೀವಿಯದು. ಪೌರಾಣಿಕ ಧಾರಾವಾಹಿಗಳಲ್ಲಿ ವೀರರು ಬಾಣ ಬಿಡುವುದಕ್ಕಿಂತ ಠೇಂಕಾರ ಮಾಡುವುದೇ ಹೆಚ್ಚು. ಆಕಾಶದಿಂದ ಹೂ ಬೀಳುತ್ತದೆ, ಬಿಲ್ಲಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಮಾಡಿದ ಬಿಲ್ಲಿಗೆ ಆಗುತ್ತದೆ. ತೋಳು ಕೂಡಿಟ್ಟ ಶಕ್ತಿಯ ಬಹುಪಾಲನ್ನು ಹೊತ್ತು ಓಡುವುದು 26 ಗ್ರಾಂ ತೂಗುವ ಆ ಬಾಣ. ಅದು ಇಲ್ಲದಿದ್ದರೆ ಅಷ್ಟೂ ಶಕ್ತಿ ತೋಳಿಗೇ ವಾಪಸ್ಸು ಬಡಿಯುತ್ತದೆ. ಪದರ ಏಳುವುದು, ಹೆದೆ ಕೂರುವ ಕಚ್ಚು ಸೀಳುವುದು, ಹಿಡಿಯ ಮರ ಕಾಗದದಷ್ಟು ತೆಳುವಾಗಿ ತೋಳಿನಲ್ಲಿ ಕರಗುವ ಜಾಗ ಬಿಟ್ಟುಕೊಳ್ಳುವುದು ಆಗಲೇ.

ಶಿವಧನುಸ್ಸನ್ನು ಮುರಿದವನಿಗೆ ಮದುವೆಯಾಯಿತು, ಮಿಥಿಲೆಯೆಲ್ಲ ಸಂಭ್ರಮಪಟ್ಟಿತು. ಅದನ್ನು ಮಾಡಿದ್ದು ವಿಶ್ವಕರ್ಮ. ಸಭೆಯಲ್ಲಿ ಆ ಲಟಕ್ ಸದ್ದು ಕೇಳಿದಾಗ ಎಲ್ಲೋ ಉಳಿ ಹಿಡಿದು ಕೂತಿದ್ದ ಅವನ ಹೊಟ್ಟೆಯಲ್ಲಿ ಏನಾಯಿತು ಎಂದು ಯಾವ ಕವಿಯೂ ಕೇಳಿದಂತಿಲ್ಲ.

ಭಾವ ಹೋದ ಮೇಲೆ ಹೆದೆ ಇಳಿಸಿ. ಹತ್ತಿಯ ಉಂಡೆಯನ್ನು ತೋಳಿನ ಅಂಚಿಗುಂಟ ಮೆಲ್ಲಗೆ ಎಳೆಯಿರಿ, ಎಳೆ ಎದ್ದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಗಾಜಿನಲ್ಲಿ ಹೊಸದಾಗಿ ಬಿಳಿ ಗೀರು ಕಂಡರೆ ಆ ತೋಳಿನ ಕತೆ ಮುಗಿಯಿತು. ಏನೂ ಕಾಣದಿದ್ದರೂ ಪೂರ್ತಿ ಎಳೆಯುವ ಮುನ್ನ ಹತ್ತಾರು ಸಲ ಅರ್ಧಕ್ಕೆ ಎಳೆದು ಮೆಲ್ಲಗೆ ಹಿಂದಕ್ಕೆ ಬಿಡಬೇಕು, ಟಿಕ್ ಎಂಬ ಸದ್ದಿಗೆ ಕಿವಿಗೊಟ್ಟು. ಇಷ್ಟೆಲ್ಲ ಬೇಡ ಎನ್ನುವವರು ಮೂರು ತುಂಡಿನ ಬಿಲ್ಲು ಮಾಡುತ್ತಾರೆ: ಹಿಡಿ ಬೇರೆ, ತೋಳು ಬೇರೆ, ನಡುವೆ ಬೋಲ್ಟು. ಒಂದು ತೋಳು ಹೋದರೆ ಅದನ್ನೊಂದೇ ಬದಲಿಸಬಹುದು. ಅದಕ್ಕಿಂತ ದೊಡ್ಡ ಲಾಭ, ಭಾನುವಾರ ಬೆಳಿಗ್ಗೆ ಬೋಲ್ಟು ಬಿಚ್ಚಿ ತೋಳುಗಳನ್ನು ಬೀರುವಿನ ಹಿಂದೆ ನಿಲ್ಲಿಸಿ, ಗೋಡೆಯಲ್ಲಿ ಹಿಡಿ ಮಾತ್ರ ಬಿಡಬಹುದು. ಭಾವ ಅದನ್ನು ಇಳಿಸಿಕೊಂಡು, ತಿರುಗಿಸಿ, ತೂತಿನಲ್ಲಿ ಬೆರಳು ಹಾಕಿ "ಇದೇನು, ಡ್ರಿಲ್ಲಿಂಗ್ ಮಷಿನ್ ಹಿಡಿನಾ?" ಎನ್ನುತ್ತಾರೆ. ಹೌದು ಅನ್ನಿ, ಇನ್ನೊಂದು ಲೋಟ ಕಾಫಿ ಕೊಡಿ.