ನಿಂಬೆ ಸಿಪ್ಪೆಯ ಉತ್ಸಾಹ

ಜ್ವರ ಬಿಟ್ಟೆದ್ದ ಮಗುವಿನ ಮುಖದಲ್ಲಿ ಕಾಣುವುದು ಗೆಲುವು. ಮದುವೆಮನೆಯಲ್ಲಿ ಇರುವುದು ಸಡಗರ. ಹುಬ್ಬಳ್ಳಿ ಕಡೆಯವರಿಗೆ ಕೆಲಸಕ್ಕಿಳಿಯಲು ಉಮೇದು ಬೇಕು. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮಗುವಿಗೆ ಸಡಗರ ಬಂತು ಎಂದರೆ ನಗು ಬರುತ್ತದೆ, ಅಷ್ಟೆ. ಇಂಗ್ಲಿಷ್ ಬರೆಯಲು ಕೂತಾಗ ಮಾತ್ರ ಈ ವಿವೇಕ ಕೈಕೊಡುತ್ತದೆ. ನಿಘಂಟಿನಲ್ಲಿ ‘ಉತ್ಸಾಹ’ದ ಎದುರು ಸಾಲಾಗಿ ನಿಂತ ಪದಗಳಲ್ಲಿ ಠೀವಿಯಿಂದ ಕಂಡದ್ದನ್ನು ಎತ್ತಿಕೊಂಡುಬಿಡುತ್ತೇವೆ.

ಅನುಮಾನವಿದ್ದರೆ ‘ಎಂಥೂಸಿಯಾಸಮ್’ ಸಾಕು. ಗ್ರೀಕ್ ಮೂಲದಲ್ಲಿ ಅದು ಮೈಮೇಲೆ ದೇವರು ಬಂದ ಸ್ಥಿತಿ, ನಮ್ಮ ಆವೇಶದ ದಾಯಾದಿ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಅದರ ಅರ್ಥ, ದೇವರು ತನಗೇ ಪ್ರತ್ಯೇಕವಾಗಿ ದರ್ಶನ ಕೊಟ್ಟನೆಂಬ ಪೊಳ್ಳು ನಂಬಿಕೆ. ಆ ಕಾವು ಈಗ ಇಳಿದಿದೆ. ಪದ ಎಲ್ಲಿ ಕೂರಿಸಿದರೂ ಕೂರುತ್ತದೆ. ನಾಮಪದದ ನಂತರ ‘ಫಾರ್’, ‘ಎಂಥೂಸಿಯಾಸ್ಟಿಕ್’ ನಂತರ ‘ಅಬೌಟ್’ ಬಂದರಾಯಿತು. ‘ಐ ಆಮ್ ವೆರಿ ಎಂಥೂಸಿಯಾಸ್ಟ್’ ಎಂಬ ಅರ್ಜಿಗಳಿಗೇನೂ ಬರವಿಲ್ಲ: ‘ಎಂಥೂಸಿಯಾಸ್ಟ್’ ಎಂದರೆ ಆ ಹುಚ್ಚು ಹತ್ತಿದ ಆಸಾಮಿ, ಗುಣವಲ್ಲ.

‘ಝೀಲ್’ಗೆ, ಅಂದರೆ ಧ್ಯೇಯಕ್ಕಾಗಿ ತುಡಿಯುವ ಹುರುಪಿಗೆ, ಇನ್ನೂ ಬಿಸಿಯಿದೆ. ಒಂದನೇ ಶತಮಾನದಲ್ಲಿ ರೋಮ್ ವಿರುದ್ಧ ತಿರುಗಿಬಿದ್ದ ಯಹೂದಿ ಝೀಲಟರು ಅದರ ನೆಂಟರು. ಸುಧಾರಕರಿಗೆ, ಮಿಷನರಿಗಳಿಗೆ ಒಪ್ಪುತ್ತದೆ. ಜಿಎಸ್‌ಟಿ ಲೆಕ್ಕದ ಬಗ್ಗೆ ಝೀಲ್ ಇದೆಯೆಂದು ಬರೆದರೆ ಓದಿದವರು ಬೆಚ್ಚಬಹುದು.

ನನ್ನ ಪಕ್ಷಪಾತ ‘ಝೆಸ್ಟ್’ ಕಡೆಗೆ. ಫ್ರೆಂಚಿನಿಂದ ಬಂದ ಈ ಪದ ಮೊದಲು ಕಿತ್ತಳೆ, ನಿಂಬೆಯ ಸಿಪ್ಪೆ. ಅಡುಗೆಮನೆಯಲ್ಲಿ ಇಂದೂ ಅದೇ ಅರ್ಥ: ಮೇಲಿನ ಹಳದಿ ಪದರವನ್ನಷ್ಟೇ ತುರಿಯಬೇಕು, ಬಿಳಿಗೆ ಇಳಿದರೆ ಕಹಿ. ಬದುಕಿಗೆ ಘಮ ಕೊಡುವ ರುಚಿಯೇ ‘ಝೆಸ್ಟ್ ಫಾರ್ ಲೈಫ್’. ‘ಗಸ್ಟೊ’ ಕೂಡ ಇಟಲಿಯ ರುಚಿಯೇ, ಆದರೆ ಅದಕ್ಕೊಂದು ಕ್ರಿಯಾಪದ ಬೇಕು. ಹೋಳಿಗೆಯನ್ನು ‘ವಿತ್ ಗಸ್ಟೊ’ ಬಾರಿಸಬಹುದು, ಭಜನೆಯನ್ನು ಹಾಡಬಹುದು. ಸುಮ್ಮನೆ ಕೂತವನಿಗೆ ಗಸ್ಟೊ ಅಂಟುವುದಿಲ್ಲ.

‘ಎಬುಲಿಯಂಟ್’ ಹಾಲುಕ್ಕಿದಂತೆ, ಲ್ಯಾಟಿನ್ನಿನಲ್ಲೂ ಕುದಿದು ಉಕ್ಕುವುದೇ. ‘ಎಕ್ಸುಬರಂಟ್’ ಒಳಗಿರುವ ಲ್ಯಾಟಿನ್ ಪದದ ಅರ್ಥ ಕೆಚ್ಚಲು! ಉಕ್ಕಿದ್ದು ಒಲೆಯ ಮೇಲೋ ಹಸುವಿನ ಹತ್ತಿರವೋ ಎಂದು ನೋಡಿಕೊಂಡರೆ ಎರಡೂ ಬೆರೆಯುವುದಿಲ್ಲ.

ಲವಲವಿಕೆಯ ಪದಗಳಿಗೆ ವಯಸ್ಸು, ಲಿಂಗದ ಹಟವೂ ಉಂಟು. ‘ವಿವೇಷಸ್’ ಎಂದು ಹೆಚ್ಚಾಗಿ ಹೆಣ್ಣುಮಕ್ಕಳನ್ನೇ ಕರೆಯುತ್ತಾರೆ. ‘ಸ್ಪ್ರೈಟ್ಲಿ’ ಎಂಬತ್ತರಲ್ಲೂ ಮೆಟ್ಟಿಲನ್ನು ಚಕಚಕನೆ ಹತ್ತುವ ಅಜ್ಜನಿಗೆ. ಇಪ್ಪತ್ತೈದರ ಹುಡುಗನಿಗೆ ಅದನ್ನು ಅಂಟಿಸಿದರೆ, ಪಾಪ, ಪಿಂಚಣಿಗೆ ಅರ್ಜಿ ಹಾಕಿಸಿದ ಹಾಗೆ.